ಕಾರಿನ ಹಿಂದೆ ಸೈಕಲ್ಲು ಕಟ್ಟುವ ಮುನ್ನ

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಿಗೆ ಸೈಕಲ್ ಸ್ಪರ್ಧೆಯಲ್ಲಿ ಮೊದಲಿನಿಂದಲೂ ಹೆಸರಿದೆ. ಬೆಳಗಿನ ನಮಾಜು ಮುಗಿಸಿ ಹೊರಗೆ ಬಂದರೆ ಸೋಲಾಪುರ ರಸ್ತೆಯಲ್ಲಿ ತಲೆ ತಗ್ಗಿಸಿ ತುಳಿಯುತ್ತ ಹೋಗುವ ಹುಡುಗ ಹುಡುಗಿಯರ ಸಾಲು ಕಾಣುತ್ತದೆ. ನಮ್ಮ ಕಾಲೇಜಿನಲ್ಲೇ ಅಂಥವರು ಇದ್ದಾರೆ. ಇವರು ಸ್ಪರ್ಧೆಗೆಂದು ಬೇರೆ ಊರಿಗೆ ಹೋಗುವುದು ಹೇಗೆ ಎಂದು ಎಲ್ಲರಿಗೂ ಗೊತ್ತು, ಬಸ್ಸಿಗೋ ರೈಲಿಗೋ ಹತ್ತುತ್ತಾರೆ. ಆದರೆ ಸೈಕಲ್ಲು ಹೇಗೆ ಹೋಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಟ್ರ್ಯಾಕ್ಸಿನ ಮೇಲೆ ಕಟ್ಟಿಕೊಂಡು ಹೋಗುವವರಿದ್ದಾರೆ, ಟೆಂಪೊದಲ್ಲಿ ಚಾದರ ಹಾಸಿ ಮಲಗಿಸುವವರಿದ್ದಾರೆ. ಈಚೆಗೆ ಕಾರಿನ ಹಿಂಭಾಗಕ್ಕೆ ರ‍್ಯಾಕ್ ತೂಗುಹಾಕಿ ಅದರಲ್ಲಿ ಸೈಕಲ್ಲು ಒಯ್ಯುವವರೂ ಕಾಣುತ್ತಿದ್ದಾರೆ.

ನನ್ನ ತಂಗಿ ಎಂಟನೆಯ ತರಗತಿಯಲ್ಲಿದ್ದಾಳೆ, ಸೈಕಲ್ ಅಭ್ಯಾಸ ಮಾಡುತ್ತಾಳೆ. ಅವಳು ತುಳಿಯುವ ಸೈಕಲ್ಲು ನಮ್ಮದಲ್ಲ, ಅವಳ ತರಬೇತುದಾರರು ಕೊಟ್ಟದ್ದು. ಅಬ್ಬಾ ಅದನ್ನು 'ಅಮಾನತ್' ಎನ್ನುತ್ತಾರೆ, ಅಂದರೆ ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟ ವಸ್ತು. ಅದರ ಬೆಲೆ ನಮ್ಮ ಮನೆಯ ಟಿ.ವಿ., ಫ್ರಿಜ್ಜು ಎರಡೂ ಸೇರಿಸಿದರೂ ತೂಗದಷ್ಟು. ಮಾಮೂ ಬಳಿ ಒಂದು ಸಣ್ಣ ಕಾರು, ಒಂದು ಬೆಲ್ಟಿನ ರ‍್ಯಾಕ್ ಇದೆ. ಕಳೆದ ವರ್ಷದಿಂದ ಕಟ್ಟುವಾಗಲೂ ಬಿಚ್ಚುವಾಗಲೂ ಅವರ ಜೊತೆ ನಿಂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವ್ಯವಹಾರ ಅಧ್ಯಯನದ ತರಗತಿಯಲ್ಲಿ ನಾವು ವಿಮೆಯ ತತ್ವಗಳನ್ನು ಓದಿದ್ದೇವಲ್ಲ, ಅವುಗಳಲ್ಲಿ ಎರಡು ಮೂರು ಇಲ್ಲಿಯೂ ಬರುತ್ತವೆ. ವಿಜ್ಞಾನ ವಿಭಾಗದವರು ನಗಬಾರದು, ಸ್ವಲ್ಪ ಲೆಕ್ಕವನ್ನೂ ಮಾಡಿದ್ದೇನೆ.

ಮೊದಲಿಗೆ ಒಂದು ಮಾತು. ಒಯ್ಯಬೇಕಾದದ್ದು ಒಂದೇ ಸೈಕಲ್ಲಾದರೆ, ಕಾರಿನಲ್ಲಿ ಇಬ್ಬರೇ ಇದ್ದರೆ, ರ‍್ಯಾಕಿನ ಗೊಡವೆಯೇ ಬೇಡ. ಎರಡೂ ಚಕ್ರ ಬಿಚ್ಚಿ, ಹಳೆಯ ಬೆಡ್‌ಶೀಟ್ ಹಾಸಿ, ಹಿಂದಿನ ಸೀಟಿನ ಮೇಲೆ ಮಲಗಿಸಿ ಕಟ್ಟಿಬಿಡಿ. ಚೈನು ಇರುವ ಬದಿ ಮೇಲೆ ಬರಲಿ. ಖರ್ಚಿಲ್ಲ, ದಂಡದ ಭಯವಿಲ್ಲ, ಕಳ್ಳರ ಭಯವೂ ಕಡಿಮೆ. ರ‍್ಯಾಕ್ ಬೇಕಾಗುವುದು ಕಾರಿನಲ್ಲಿ ಜನ ತುಂಬಿದಾಗ, ಇಲ್ಲವೇ ಎರಡು ಮೂರು ಸೈಕಲ್ಲು ಇದ್ದಾಗ.

ಹಿಂಭಾಗದ ರ‍್ಯಾಕುಗಳಲ್ಲಿ ಮೂರು ಬಗೆ. ಕಾರಿನ ಚಾಸಿಗೆ ಜೋಡಿಸಿದ ಎಳೆಗೊಂಡಿಯ ಮೇಲೆ ಕೂರುವುದು ಒಂದು, ಇದೇ ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ಅದಕ್ಕೆ ತಕ್ಕಂತೆ. ಬೊಲೆರೊ, ಥಾರ್‌ನಂಥ ಗಾಡಿಗಳ ಹಿಂಬದಿಯ ಸ್ಟೆಪ್ನಿಗೆ ಬಿಗಿಯುವುದು ಇನ್ನೊಂದು. ಮೂರನೆಯದು ನಮ್ಮಂಥವರ ಕೈಗೆ ಎಟುಕುವುದು: ಡಿಕ್ಕಿಯ ಬಾಗಿಲಿಗೆ ಬೆಲ್ಟು ಮತ್ತು ಹುಕ್ಕುಗಳಿಂದ ತೂಗುಹಾಕುವ ರ‍್ಯಾಕ್. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಈ ಮೂರನೆಯದರ ವಿಷಯ, ಏಕೆಂದರೆ ಹೆಚ್ಚು ಎಚ್ಚರಿಕೆ ಬೇಕಾದದ್ದೂ ಇದಕ್ಕೇ.

ಈ ರ‍್ಯಾಕಿನಲ್ಲಿ ಸಾಮಾನ್ಯವಾಗಿ ಆರು ಬೆಲ್ಟುಗಳು ಇರುತ್ತವೆ. ಮೇಲೆ ಎರಡು, ಪಕ್ಕಕ್ಕೆ ಎರಡು, ಕೆಳಗೆ ಎರಡು. ಆರೂ ಒಂದೇ ಥರ ಕಾಣುತ್ತವೆ, ಆದರೆ ಕೆಲಸ ಬೇರೆ ಬೇರೆ. ಭಾರವನ್ನು ಹೊರುವುದು ಮೇಲಿನ ಎರಡು, ಬಾವಿಯ ಹಗ್ಗ ಕೊಡವನ್ನು ಹೊತ್ತಂತೆ. ಪಕ್ಕದ ಎರಡು ರ‍್ಯಾಕ್ ಅತ್ತಿತ್ತ ಸರಿಯದಂತೆ ಹಿಡಿಯುತ್ತವೆ. ಕೆಳಗಿನ ಎರಡನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ, "ಭಾರವೇ ಇಲ್ಲವಲ್ಲ" ಎಂದು ಸಡಿಲ ಬಿಡುತ್ತಾರೆ. ಕಾರು ಹಂಪ್ ಹತ್ತಿ ಇಳಿಯುವಾಗ ರ‍್ಯಾಕ್ ಮೇಲಕ್ಕೆ ಚಿಮ್ಮುತ್ತದೆ. ಆಗ ಅದನ್ನು ಕೆಳಕ್ಕೆ ಹಿಡಿದಿಡುವುದು ಈ ಎರಡು ಬೆಲ್ಟುಗಳೇ. ಅವು ಸಡಿಲವಿದ್ದರೆ ಆ ಒಂದು ಕ್ಷಣ ಮೇಲಿನ ಹುಕ್ಕುಗಳು ಬಿಗಿ ಕಳೆದುಕೊಳ್ಳುತ್ತವೆ. ಬಿಗಿ ಕಳೆದುಕೊಂಡ ಹುಕ್ಕು ಜಾರಲು ಅಷ್ಟೇ ಸಾಕು.

ಹುಕ್ಕು ಎಲ್ಲಿ ಸಿಕ್ಕಿಸಬೇಕು ಎಂಬುದರಲ್ಲೇ ಅರ್ಧ ಕೆಲಸ ಇದೆ. ಡಿಕ್ಕಿ ಬಾಗಿಲಿನ ಲೋಹದ ಅಂಚಿಗೆ ಮಾತ್ರ ಸಿಕ್ಕಿಸಬೇಕು. ಗಾಜಿನ ಅಂಚಿಗೆ ಬೇಡ, ಪ್ಲಾಸ್ಟಿಕ್ ಸ್ಪಾಯ್ಲರ್‌ಗೆ ಬೇಡ, ಬಂಪರಿನ ಮೇಲ್ತುಟಿಗೂ ಬೇಡ. ಈಗಿನ ಬಹಳಷ್ಟು ಹ್ಯಾಚ್‌ಬ್ಯಾಕ್ ಕಾರುಗಳ ಡಿಕ್ಕಿಯ ಮೇಲೆ ಸ್ಪಾಯ್ಲರ್ ಬಂದಿರುತ್ತದೆ, ದೂರದಿಂದ ನೋಡಿದರೆ ಅದು ಬಾಗಿಲಿನದೇ ಭಾಗ. ಮಾಮೂ ಬೆರಳಿನಿಂದ ತಟ್ಟಿ ನೋಡುತ್ತಾರೆ, ಪ್ಲಾಸ್ಟಿಕ್ಕಿನ ಸದ್ದೇ ಬೇರೆ. ಸಂಶಯ ಬಂದರೆ ಒಂದು ಸಣ್ಣ ಅಯಸ್ಕಾಂತ ಇಟ್ಟು ನೋಡಿ, ಉಕ್ಕಾದರೆ ಅಂಟಿಕೊಳ್ಳುತ್ತದೆ. ಎಲ್ಲ ಕಾರಿಗೂ ಎಲ್ಲ ರ‍್ಯಾಕ್ ಹೊಂದುವುದಿಲ್ಲ. ರ‍್ಯಾಕಿನ ಕೈಪಿಡಿಯಲ್ಲಿ ಕಾರುಗಳ ಪಟ್ಟಿ ಇದ್ದರೆ ಅದನ್ನು ನೋಡಿಯೇ ಕೊಳ್ಳಬೇಕು. ಪಕ್ಕದ ಮನೆಯವರ ಕಾರಿಗೆ ಚೆನ್ನಾಗಿ ಕೂತಿತು ಎಂಬ ಕಾರಣಕ್ಕೆ ನಮ್ಮದಕ್ಕೂ ಕೂರುತ್ತದೆ ಎನ್ನಲಾಗದು.

ರ‍್ಯಾಕಿನ ದಿಂಬುಗಳು ಕಾರಿಗೆ ತಾಗುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ನಮ್ಮ ಊರಿನ ಧೂಳು ನಿಮಗೆ ಗೊತ್ತೇ ಇದೆ. ಧೂಳಿನ ಮೇಲೆ ದಿಂಬು ಕೂತರೆ ದಾರಿಯುದ್ದಕ್ಕೂ ಮರಳು ಕಾಗದದಂತೆ ಬಣ್ಣ ಉಜ್ಜುತ್ತದೆ. ಬೆಲ್ಟುಗಳನ್ನು ಒಂದೇ ಸಲ ಪೂರ್ತಿ ಎಳೆಯಬಾರದು. ಮೇಲಿನವನ್ನು ಸ್ವಲ್ಪ, ಕೆಳಗಿನವನ್ನು ಸ್ವಲ್ಪ, ಪಕ್ಕದವನ್ನು ಸ್ವಲ್ಪ, ಮತ್ತೆ ಮೇಲಿನವು, ಹೀಗೆ ಸುತ್ತು ಹಾಕುತ್ತ ಬಿಗಿ ಮಾಡಬೇಕು. ಆಮೇಲೆ ರ‍್ಯಾಕನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಅಲ್ಲಾಡಿಸಿ. ಕಾರೇ ಅಲ್ಲಾಡಬೇಕು, ರ‍್ಯಾಕ್ ಬೇರೆಯಾಗಿ ಅಲ್ಲಾಡಬಾರದು. ಬಕಲಿನಿಂದ ಹೊರಬಂದ ಬೆಲ್ಟಿನ ತುದಿಗೆ ಬಕಲಿನ ಹತ್ತಿರವೇ ಒಂದು ಗಂಟು ಹಾಕಿ. ಬಕಲ್ ಜಾರಿದರೂ ಗಂಟಿಗೆ ಬಂದು ನಿಲ್ಲುತ್ತದೆ. ಉಳಿದ ತುದಿಯನ್ನು ಸುತ್ತಿ ಕಟ್ಟಿ, ಗಾಳಿಗೆ ಪಟಪಟ ಬಡಿಯುವ ಬೆಲ್ಟು ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ.

ಇನ್ನು ಸೈಕಲ್ಲು. ರ‍್ಯಾಕ್ ಎಷ್ಟು ಭಾರ ತಾಳುತ್ತದೆ ಎಂದು ಅದರ ಮೇಲೇ ಬರೆದಿರುತ್ತದೆ, ಒಂದು ಸೈಕಲ್ಲಿಗೆ 15 ಕಿಲೊ ಎಂದು ಬರೆದದ್ದು ಬಹಳ ಕಡೆ ಸಿಗುತ್ತದೆ. ಸ್ಪರ್ಧೆಯ ಸೈಕಲ್ಲು 10 ಕಿಲೊದ ಆಸುಪಾಸು ಇರುವುದರಿಂದ ಚಿಂತೆಯಿಲ್ಲ. ಆದರೆ ಹಾಲಿನವರ ಕಬ್ಬಿಣದ ಸೈಕಲ್ಲು, ಬ್ಯಾಟರಿ ಸೈಕಲ್ಲು ಇವು 20 ಕಿಲೊ ದಾಟುತ್ತವೆ. ಅವನ್ನು ಇಂಥ ರ‍್ಯಾಕಿಗೆ ಹಾಕುವಂತಿಲ್ಲ.

ಎರಡು ಸೈಕಲ್ಲು ಇದ್ದರೆ ಭಾರದ್ದು ಕಾರಿಗೆ ಹತ್ತಿರ ಇರಬೇಕು. ಏಕೆ ಎಂದು ನಾನು ಕೇಳಿದಾಗ ಮಾಮೂ, "ನಿನ್ನ ಅಮ್ಮಿ ಕೊಡ ಎಲ್ಲಿ ಇಟ್ಟುಕೊಂಡು ತರುತ್ತಾಳೆ, ಸೊಂಟದ ಮೇಲೋ, ಕೈ ಚಾಚಿಯೋ?" ಎಂದರು. ಉತ್ತರ ಸಾಕಾಗಿತ್ತು. ಆದರೂ ಹತ್ತನೆಯ ತರಗತಿಯವರೆಗೆ ಓದಿದ ವಿಜ್ಞಾನವನ್ನು ನೆನೆದು ಲೆಕ್ಕ ಹಾಕಿದೆ. ಒಂದು ಸೈಕಲ್ಲು 18 ಕಿಲೊ, ಇನ್ನೊಂದು 12 ಕಿಲೊ ಎಂದಿಟ್ಟುಕೊಳ್ಳಿ (ದೊಡ್ಡ ರ‍್ಯಾಕು, ಅಷ್ಟು ತಾಳುವಂಥದ್ದು). ಮೊದಲ ಸ್ಥಾನ ಕಾರಿನಿಂದ 25 ಸೆಂ.ಮೀ. ದೂರ, ಎರಡನೆಯದು 45 ಸೆಂ.ಮೀ. ಭಾರವನ್ನು ದೂರದಿಂದ ಗುಣಿಸಬೇಕು. ಭಾರದ್ದು ಹತ್ತಿರ ಇದ್ದರೆ 450 ಮತ್ತು 540, ಒಟ್ಟು 990. ಭಾರದ್ದು ದೂರ ಇದ್ದರೆ 300 ಮತ್ತು 810, ಒಟ್ಟು 1110. ಅದೇ ಎರಡು ಸೈಕಲ್ಲು, ಅದೇ ರ‍್ಯಾಕ್, ಜಾಗ ಅದಲು ಬದಲಾದದ್ದಕ್ಕೆ ಬೆಲ್ಟಿನ ಮೇಲಿನ ಎಳೆತ ಶೇಕಡಾ 12ರಷ್ಟು ಹೆಚ್ಚು. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಉಳಿತಾಯ ಇದು.

ಎರಡೂ ಸೈಕಲ್ಲುಗಳ ಮುಖ ಒಂದೇ ಕಡೆಗೆ ಇರಬಾರದು. ಒಂದರ ಹ್ಯಾಂಡಲ್ ಎಡಕ್ಕೆ, ಇನ್ನೊಂದರದು ಬಲಕ್ಕೆ. ಇಲ್ಲದಿದ್ದರೆ ಹ್ಯಾಂಡಲಿಗೆ ಹ್ಯಾಂಡಲ್ ತಾಗಿ ಗುದ್ದಾಡುತ್ತವೆ. ಪೆಡಲ್ ಪಕ್ಕದ ಸೈಕಲ್ಲಿನ ಕಡ್ಡಿಗಳೊಳಗೆ ತೂರದಂತೆ ತಿರುಗಿಸಿಡಬೇಕು. ಚೌಕಟ್ಟು ಚೌಕಟ್ಟಿಗೆ ತಾಗುವ ಕಡೆ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಿ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಮುಂದಿನ ಚಕ್ರವನ್ನು ಚೌಕಟ್ಟಿನ ಕೆಳಗಿನ ಕೊಳವೆಗೆ ಕಟ್ಟಬೇಕು, ಇಲ್ಲದಿದ್ದರೆ ಹ್ಯಾಂಡಲ್ ದಾರಿಯುದ್ದಕ್ಕೂ ಹೊಯ್ದಾಡುತ್ತದೆ. ಹೆಣ್ಣುಮಕ್ಕಳ ಸೈಕಲ್ಲಿಗೆ ಮೇಲಿನ ಅಡ್ಡಕೊಳವೆ ಇರುವುದಿಲ್ಲ. ಅದನ್ನು ಓರೆಯಾಗಿ ನೇತು ಹಾಕುವ ಬದಲು ಸೀಟಿನ ಕಂಬದಿಂದ ಹ್ಯಾಂಡಲಿನ ಕಂಬಕ್ಕೆ ಹಾಕುವ ತಾತ್ಕಾಲಿಕ ಅಡ್ಡಪಟ್ಟಿ ಸಿಗುತ್ತದೆ, ಅದನ್ನು ಕೊಳ್ಳಿ. ಕಾರ್ಬನ್ ಚೌಕಟ್ಟಿನ ಸೈಕಲ್ಲಾದರೆ ಕೊಳವೆಯನ್ನು ಹಿಡಿಕೆಯಲ್ಲಿ ಬಿಗಿಯಾಗಿ ಅದುಮಬಾರದು, ಕಾರ್ಬನ್ ಎಳೆತವನ್ನು ತಾಳುತ್ತದೆ, ಪಕ್ಕದಿಂದ ಹಿಂಡುವುದನ್ನು ತಾಳುವುದಿಲ್ಲ.

ನೀರಿನ ಬಾಟಲಿ, ಪಂಪು, ದೀಪ, ಸೀಟಿನ ಕೆಳಗಿನ ಚೀಲ, ಹ್ಯಾಂಡಲಿನ ಮೀಟರು ಎಲ್ಲವನ್ನೂ ತೆಗೆದು ಕಾರಿನೊಳಗೆ ಇಡಿ. ಮಳೆ ಬಂದರೆ ಎಂದು ಸೈಕಲ್ಲಿಗೆ ತಾಡಪತ್ರಿ ಹೊದಿಸುವ ಆಸೆಯಾಗುತ್ತದೆ. ಬೇಡವೇ ಬೇಡ. ಅದು ಹಡಗಿನ ಹಾಯಿಯಂತೆ ಗಾಳಿ ತುಂಬಿಕೊಂಡು ಇಡೀ ರ‍್ಯಾಕನ್ನು ಎಳೆಯುತ್ತದೆ. ಸೈಕಲ್ಲು ಮಳೆಯಲ್ಲಿ ನೆನೆದರೆ ಒರೆಸಿ ಚೈನಿಗೆ ಎಣ್ಣೆ ಬಿಟ್ಟರಾಯಿತು. ಟೈರು ಸೈಲೆನ್ಸರಿನ ಬಾಯಿಗೆ ನೇರವಾಗಿ ಬರುತ್ತದೆಯೇ ಎಂದು ಬಗ್ಗಿ ನೋಡಿ. ಬಿಸಿ ಹೊಗೆ ತಾಸುಗಟ್ಟಲೆ ಬಡಿದರೆ ರಬ್ಬರ್ ಹಾಳಾಗುತ್ತದೆ, ಮರುದಿನದ ಸ್ಪರ್ಧೆಯಲ್ಲಿ ಆ ಟೈರಿನ ಮೇಲೆ ಕೂತವರ ಗತಿ ಏನಾಗಬೇಕು? ಹಿಂದಿನ ಗಾಜಿಗೆ ವೈಪರ್ ಇದ್ದರೆ ಅದನ್ನೂ ಮರೆಯಬಾರದು. ಕೆಲವು ಕಾರುಗಳಲ್ಲಿ ಮುಂದಿನ ವೈಪರ್ ಓಡುತ್ತಿರುವಾಗ ರಿವರ್ಸ್ ಗೇರ್ ಹಾಕಿದರೆ ಹಿಂದಿನದು ತಾನಾಗಿಯೇ ಓಡುತ್ತದೆ, ರ‍್ಯಾಕಿಗೆ ಸಿಕ್ಕಿ ಮುರಿಯುತ್ತದೆ.

ಕೊನೆಗೆ ಒಂದು ಹೆಚ್ಚುವರಿ ಹಗ್ಗ. ರ‍್ಯಾಕಿನ ಆರು ಬೆಲ್ಟುಗಳಿಗೆ ಸಂಬಂಧವೇ ಇಲ್ಲದಂತೆ ಸೈಕಲ್ಲಿನ ಚೌಕಟ್ಟಿನಿಂದ ಕಾರಿನ ಕೆಳಗಿನ ಎಳೆಯುವ ಕೊಂಡಿಗೆ ಗಟ್ಟಿಯಾದ ನೈಲಾನ್ ಪಟ್ಟಿ ಕಟ್ಟಬೇಕು. ಲಗೇಜಿಗೆ ಬಳಸುವ ರಬ್ಬರ್ ಹಗ್ಗ ಇದಕ್ಕೆ ನಡೆಯದು, ಅದು ಹಿಗ್ಗುತ್ತದೆ. ಹಿಗ್ಗುವ ಹಗ್ಗ ಚಕ್ರ ತಿರುಗದಂತೆ ಹಿಡಿಯಲು ಸರಿ, ಭಾರ ಹೊರಲು ಅಲ್ಲ.

ಇಷ್ಟು ಕಟ್ಟುಪಾಡು ಏಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಒಂದು ವಸ್ತು ಈ ವೇಗ ಪಡೆಯಬೇಕಾದರೆ ಸುಮಾರು 32 ಮೀಟರ್ ಎತ್ತರದಿಂದ ಬೀಳಬೇಕು. ನಮ್ಮ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಸುಮಾರು 33 ಮೀಟರ್ ಎತ್ತರದಲ್ಲಿದೆ. ಹೆದ್ದಾರಿಯಲ್ಲಿ ರ‍್ಯಾಕಿನಿಂದ ಕಳಚಿದ ಸೈಕಲ್ಲು ರಸ್ತೆಗೆ ಬಡಿಯುವಾಗ ಅದರಲ್ಲಿರುವ ಶಕ್ತಿ, ಆ ಗ್ಯಾಲರಿಯಿಂದ ಎಸೆದ ಸೈಕಲ್ಲು ನೆಲ ಮುಟ್ಟುವಾಗ ಇರುವಷ್ಟೇ. ಹಿಂದೆ ಬರುತ್ತಿರುವುದು ಲಾರಿಯಾದರೆ ಸೈಕಲ್ಲು ಹೋಯಿತು, ಅಷ್ಟೇ. ಹಿಂದೆ ಬೈಕಿನ ಮೇಲೆ ಗಂಡ, ಹೆಂಡತಿ, ನಡುವೆ ಮಗು ಇದ್ದರೆ? ಅಮಾನತ್ ಎಂದರೆ ಸೈಕಲ್ಲು ಮಾತ್ರ ಎಂದು ನಾನು ತಿಳಿದಿದ್ದೆ. ಮಾಮೂ ಕಟ್ಟುವಾಗ ಸೈಕಲ್ಲಿನ ಕಡೆಗಿಂತ ಹಿಂದೆ ಬರುವವರ ಕಡೆಗೇ ಹೆಚ್ಚು ಮಾತಾಡುತ್ತಾರೆ.

ಈಗ ಕಾನೂನಿಗೆ ಬರೋಣ. ನಂಬರ್ ಪ್ಲೇಟು, ಹಿಂದಿನ ಕೆಂಪು ದೀಪ, ಬ್ರೇಕ್ ದೀಪ, ಇಂಡಿಕೇಟರ್ ಇವು ಹಿಂದಿನವರಿಗೆ ಸ್ಪಷ್ಟವಾಗಿ ಕಾಣಬೇಕು. ಯುರೋಪಿನ ದೇಶಗಳಲ್ಲಿ ರ‍್ಯಾಕಿನ ಹಿಂದೆ ಪ್ರತ್ಯೇಕ ದೀಪದ ಹಲಗೆ, ಅದಕ್ಕೊಂದು ನಂಬರ್ ಪ್ಲೇಟು ಜೋಡಿಸುವ ಪದ್ಧತಿ ಇದೆ. ನಮ್ಮಲ್ಲಿ ಈಗ ಇರುವುದು ಅತಿ ಸುರಕ್ಷಿತ ನೋಂದಣಿ ಫಲಕ. ರಟ್ಟಿನ ಮೇಲೆ ನಂಬರ್ ಬರೆದು ಸೈಕಲ್ಲಿಗೆ ತೂಗುಹಾಕಿದರೆ ಅದು ಆ ಫಲಕಕ್ಕೆ ಸಮನಾಗುವುದಿಲ್ಲ. ಆದ್ದರಿಂದ ಸೈಕಲ್ಲನ್ನೇ ಮೇಲೆ ಕೆಳಗೆ ಸರಿಸಿ, ಬೇಕಾದರೆ ಚಕ್ರ ಬಿಚ್ಚಿ, ಫಲಕ ಕಾಣುವಂತೆ ಮಾಡಬೇಕು. ಕಟ್ಟಿದ ಮೇಲೆ ಒಬ್ಬರು ಕಾರಿನಲ್ಲಿ ಕೂತು ಬ್ರೇಕ್ ಒತ್ತಲಿ, ಇಂಡಿಕೇಟರ್ ಹಾಕಲಿ, ಇನ್ನೊಬ್ಬರು ಹತ್ತು ಹೆಜ್ಜೆ ಹಿಂದೆ ನಿಂತು ನೋಡಲಿ. ನಮ್ಮ ಮನೆಯಲ್ಲಿ ಹಿಂದೆ ನಿಲ್ಲುವ ಕೆಲಸ ನನ್ನದು.

ಅಗಲದ ವಿಷಯ ಇನ್ನೂ ಮುಖ್ಯ. ದೊಡ್ಡವರ ಸೈಕಲ್ಲು ಚಕ್ರದಿಂದ ಚಕ್ರಕ್ಕೆ ಸುಮಾರು 1.7 ಮೀಟರ್ ಉದ್ದ. ಸ್ವಿಫ್ಟ್ ಕಾರಿನ ಅಗಲ 1.735 ಮೀಟರ್, ಆದ್ದರಿಂದ ಸೈಕಲ್ಲು ಅದರ ಹಿಂದೆ ಹೇಗೋ ಅಡಗುತ್ತದೆ. ಆಲ್ಟೊ ಕೆ10 ಅಗಲ 1.49 ಮೀಟರ್. ಅದರ ಹಿಂದೆ ಕಟ್ಟಿದರೆ ಚಕ್ರ ಪಕ್ಕಕ್ಕೆ ಚಾಚಿಕೊಳ್ಳುತ್ತದೆ, ಓವರ್‌ಟೇಕ್ ಮಾಡುವ ಬೈಕಿನವರ ಮೊಣಕಾಲಿಗೆ ಸರಿಯಾಗಿ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ 194(1ಎ) ಎಂಬ ಉಪಕಲಂ ಸೇರಿದೆ. ಹೊರೆ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ ಎತ್ತರಕ್ಕೋ ಮಿತಿ ಮೀರಿ ಚಾಚಿದರೆ 20,000 ರೂಪಾಯಿ ದಂಡ, ಮೇಲೆ ಹೊರೆ ಇಳಿಸುವ ಖರ್ಚು. ಸಣ್ಣ ಕಾರಿನವರು ಮುಂದಿನ ಚಕ್ರ ಬಿಚ್ಚಿ ಡಿಕ್ಕಿಯೊಳಗೆ ಇಡಬೇಕು (ಇದನ್ನು ರ‍್ಯಾಕ್ ಕಟ್ಟುವ ಮೊದಲೇ ಮಾಡಿ, ಕಟ್ಟಿದ ಮೇಲೆ ಡಿಕ್ಕಿ ತೆರೆಯಲು ಬರುವುದಿಲ್ಲ). ದೂರದ ಪ್ರಯಾಣವಾದರೆ ಮೊದಲ ಸಲ ಹೋಗುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ರ‍್ಯಾಕಿನ ಫೋಟೊ ತೋರಿಸಿ ಕೇಳಿಕೊಂಡು ಬರುವುದು ಜಾಣತನ. ಕೇಳುವುದಕ್ಕೆ ದುಡ್ಡು ಬೇಕಿಲ್ಲ.

ವಿಮೆ ವಿಚಾರಕ್ಕೆ ನಾವು ಕಾಮರ್ಸಿನವರು ಸ್ವಲ್ಪ ಹೊತ್ತು ನಿಲ್ಲಬೇಕು. ಕಾಯ್ದೆಯ 146ನೇ ಕಲಮಿನಂತೆ ಪ್ರತಿ ಗಾಡಿಗೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಅದು ಇನ್ನೊಬ್ಬರಿಗೆ ಆಗುವ ಹಾನಿಗೆ, ನಮ್ಮ ರ‍್ಯಾಕಿನ ಮೇಲಿರುವ ಸೈಕಲ್ಲಿಗಲ್ಲ. ಕಾರಿನ ಸ್ವಂತ ಹಾನಿಯ ಪಾಲಿಸಿ ಇದೆ ಎಂದು ಸೈಕಲ್ಲಿಗೂ ಇದೆ ಎಂದುಕೊಳ್ಳಬಾರದು, ಪಾಲಿಸಿಯ ಕಾಗದ ತೆಗೆದು ಓದಬೇಕು. ಕಂಪನಿ ಅಳವಡಿಸದ ಹೆಚ್ಚುವರಿ ಸಾಮಾನನ್ನು ಕಾರಿಗೆ ಹಾಕಿದ್ದರೆ ವಿಮೆಯವರಿಗೆ ತಿಳಿಸಬೇಕು. ಪರಮ ವಿಶ್ವಾಸದ ತತ್ವ ಎಂದು ನಾವು ಪರೀಕ್ಷೆಗೆ ಕಂಠಪಾಠ ಮಾಡುವುದು ಇದನ್ನೇ. ಇನ್ನೊಂದು ತತ್ವ ಹಾನಿಯನ್ನು ತಗ್ಗಿಸುವುದು: ವಿಮೆ ಇದೆ ಎಂದು ಕೈಕಟ್ಟಿ ಕೂರುವಂತಿಲ್ಲ, ವಿಮೆ ಇಲ್ಲದವನು ತನ್ನ ವಸ್ತುವನ್ನು ಹೇಗೆ ಕಾಯುತ್ತಿದ್ದನೋ ಹಾಗೆಯೇ ಕಾಯಬೇಕು. ಎರಡು ಅಂಕದ ಪ್ರಶ್ನೆಗೆ ಬೆಲ್ಟಿನ ಗಂಟನ್ನು ಉದಾಹರಣೆ ಕೊಟ್ಟರೆ ಮೌಲ್ಯಮಾಪಕರು ಅಂಕ ಕೊಡುತ್ತಾರೋ ಇಲ್ಲವೋ, ನನಗಂತೂ ತತ್ವ ತಲೆಗೆ ಹೋದದ್ದು ಆಗಲೇ.

ಬಾಗಲಕೋಟೆಗೆ ಹೋದಾಗಿನ ಮಾತು. ವಿಜಯಪುರ ಬಿಟ್ಟು ಐದಾರು ಕಿ.ಮೀ. ಆಗಿತ್ತು, ಮಾಮೂ ಗಾಡಿ ಪಕ್ಕಕ್ಕೆ ಹಾಕಿದರು. ಯಾವ ಸದ್ದೂ ಬಂದಿರಲಿಲ್ಲ. ಇಳಿದು ಮುಟ್ಟಿ ನೋಡಿದರೆ ಎಡಗಡೆ ಮೇಲಿನ ಬೆಲ್ಟು ಎರಡು ಬೆರಳು ತೂರುವಷ್ಟು ಸಡಿಲ. ಕಟ್ಟಿದ್ದು ಸರಿಯಾಗಿಯೇ ಇತ್ತು. ದಿಂಬುಗಳು ಭಾರಕ್ಕೆ ಅದುಮಿಕೊಂಡಾಗ, ಬೆಲ್ಟಿನ ಎಳೆಗಳು ಹಿಗ್ಗಿದಾಗ ಹೀಗಾಗಿಯೇ ಆಗುತ್ತದೆ. ಆದ್ದರಿಂದ ಮೊದಲ ನಿಲುಗಡೆ ಐದಾರು ಕಿ.ಮೀ.ಗೆ, ಆಮೇಲೆ ಪ್ರತಿ ಚಹಾಕ್ಕೆ ನಿಲ್ಲಿಸಿದಾಗಲೂ ಬೆಲ್ಟು ಮುಟ್ಟಿ ನೋಡಿ ನಂತರ ಚಹಾ. ಕೊಲ್ಹಾರದ ಹತ್ತಿರ ಕೃಷ್ಣಾ ನದಿಯ ಉದ್ದ ಸೇತುವೆಯ ಮೇಲೆ ಪಕ್ಕದ ಗಾಳಿ ಕಾರನ್ನೇ ತಳ್ಳುವಂತೆ ಬೀಸುತ್ತದೆ, ಅಲ್ಲಿ ಮಾಮೂ ವೇಗವನ್ನು 50ಕ್ಕೆ ಇಳಿಸಿದರು. ಉಳಿದ ಕಡೆಯೂ 70 ದಾಟುವುದಿಲ್ಲ. ಹಂಪುಗಳನ್ನು ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವವರ ಹಾಗೆ ದಾಟಬೇಕು.

ರ‍್ಯಾಕ್ ಕಟ್ಟಿದ ಕಾರು ಅರ್ಧ ಮೀಟರಿಗೂ ಹೆಚ್ಚು ಉದ್ದವಾಗಿರುತ್ತದೆ. ಹಿಂದಕ್ಕೆ ತೆಗೆಯುವಾಗ ಸೆನ್ಸಾರ್ ಸೈಕಲ್ಲನ್ನೇ ಗೋಡೆ ಎಂದು ತಿಳಿದು ಕೂಗುತ್ತಲೇ ಇರುತ್ತದೆ, ಕ್ಯಾಮೆರಾದಲ್ಲಿ ಚಕ್ರದ ಕಡ್ಡಿಗಳ ಹೊರತು ಏನೂ ಕಾಣುವುದಿಲ್ಲ. ಒಬ್ಬರು ಇಳಿದು ದಾರಿ ತೋರಿಸಲೇಬೇಕು. ಊಟಕ್ಕೆ ನಿಲ್ಲಿಸಿದರೆ ಕಾರು ಕಣ್ಣೆದುರು ಇರಲಿ. ಬೆಲ್ಟಿನ ರ‍್ಯಾಕನ್ನು ಬಕಲ್ ಒತ್ತಿ ಯಾರು ಬೇಕಾದರೂ ಬಿಚ್ಚಬಹುದು, ಸೈಕಲ್ಲಿಗೂ ಕಾರಿನ ಕೊಂಡಿಗೂ ಸೇರಿಸಿ ಒಂದು ಸರಪಳಿ ಬೀಗ ಹಾಕಿರಿ. ರಾತ್ರಿ ತಂಗುವುದಾದರೆ ಸೈಕಲ್ಲನ್ನು ಕೋಣೆಯೊಳಗೇ ತೆಗೆದುಕೊಂಡು ಹೋಗಿ.

ಇಳಿಸುವಾಗ ಹೊರಗಿನ ಸೈಕಲ್ಲು ಮೊದಲು. ಒಬ್ಬರು ಸೈಕಲ್ಲನ್ನು ಎತ್ತಿ ಹಿಡಿದ ಮೇಲೆಯೇ ಇನ್ನೊಬ್ಬರು ಹಿಡಿಕೆ ಬಿಚ್ಚಬೇಕು. ಸೈಕಲ್ಲು ಇಳಿಸಿ ಆದ ಮೇಲೆ ಖಾಲಿ ರ‍್ಯಾಕನ್ನು ಕಾರಿಗೇ ಬಿಟ್ಟು ಊರೆಲ್ಲ ಸುತ್ತುವವರಿದ್ದಾರೆ. ಅದರಿಂದ ಕಾರಿನ ಬಣ್ಣವೂ ಹೋಗುತ್ತದೆ, ಬಿಸಿಲಿಗೆ ನೈಲಾನ್ ಬೆಲ್ಟಿನ ಬಲವೂ ಹೋಗುತ್ತದೆ. ಬಿಚ್ಚಿ, ಒದ್ದೆಯಾಗಿದ್ದರೆ ನೆರಳಲ್ಲಿ ಒಣಗಿಸಿ, ಬೆಲ್ಟುಗಳ ಉದ್ದಕ್ಕೂ ಬೆರಳಾಡಿಸಿ ನೋಡಿ. ಎಲ್ಲಿಯಾದರೂ ಎಳೆ ಕಿತ್ತಿದ್ದರೆ, ಹುಕ್ಕಿನ ರಬ್ಬರ್ ಹೊದಿಕೆ ಸೀಳಿದ್ದರೆ ಆ ಬೆಲ್ಟನ್ನು ಅಂದೇ ಬದಲಿಸಿ, ಹಳೆಯದನ್ನು ಕತ್ತರಿಸಿ ಹಾಕಿ. ಕತ್ತರಿಸದೆ ಮೂಲೆಗೆ ಎಸೆದರೆ ಅವಸರದ ದಿನ ಯಾರೋ ಒಬ್ಬರು ಅದನ್ನೇ ಹುಡುಕಿ ತಂದು ಕಟ್ಟುತ್ತಾರೆ.